ಮಲ್ಪೆಯ ದ್ವೀಪದಲ್ಲಿ ಒಂದು ಹಗಲು

ಶಾಲಾ ಪ್ರವಾಸದ ಮಾತು ಬಂದೊಡನೆ ನಮ್ಮ ವಿದ್ಯಾರ್ಥಿಗಳ ಬಾಯಿಂದ ಹೊರಡುವ ಹೆಸರುಗಳು ಮೈಸೂರು, ಬೇಲೂರು, ಹಳೆಬೀಡು. ಎಲ್ಲವೂ ನೋಡತಕ್ಕ ಸ್ಥಳಗಳೇ, ಸಂಶಯವಿಲ್ಲ. ಆದರೆ ಕಾಸರಗೋಡಿನಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ, ಬೆಳಗಿನ ಜಾವ ಹೊರಟರೆ ರಾತ್ರಿಯ ಊಟಕ್ಕೆ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿ, ಸಮುದ್ರದ ಮಧ್ಯೆ ಒಂದು ಪುಟ್ಟ ದ್ವೀಪವಿದೆ. ಉಡುಪಿಯ ಪಕ್ಕದ ಮಲ್ಪೆ ಬಂದರಿನಿಂದ ಬೋಟಿನಲ್ಲಿ ಹೋಗಬೇಕು. ಅದೇ ಸೇಂಟ್ ಮೇರಿ ದ್ವೀಪ. ಈ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ನನ್ನ ಮನಸ್ಸಿನಲ್ಲಿದೆ.

ಈ ಮಾತನ್ನು ಹೆತ್ತವರ ಮುಂದೆ ಇಟ್ಟಾಗ ಬಂದ ಮೊದಲ ಪ್ರಶ್ನೆ, "ಮಾಷ್ಟ್ರೇ, ಮಕ್ಕಳನ್ನು ಕಡಲಿಗೆ ಯಾಕೆ ಕರ್ಕೊಂಡು ಹೋಗುದು? ಮೈಸೂರಿಗೆ ಹೋದ್ರೆ ಸಾಲದಾ?" ನ್ಯಾಯವಾದ ಪ್ರಶ್ನೆ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಹೋಗಿದ್ದ ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದ ಸುದ್ದಿಯನ್ನು ಯಾರೂ ಮರೆತಿಲ್ಲ. ಆದುದರಿಂದ ಅಲ್ಲಿ ನೋಡಲು ಏನಿದೆ, ಚಳಿಗಾಲದಲ್ಲೇ ಏಕೆ ಹೋಗಬೇಕು, ಅಪಾಯವಿರುವುದು ಎಲ್ಲಿ ಎಂಬುದನ್ನು ಮಕ್ಕಳಿಗೂ ಹೆತ್ತವರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದುದನ್ನು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಅವನು ಬರುವಾಗಲೇ ಈ ದ್ವೀಪದಲ್ಲಿ ಇಳಿದನೆಂದು ಅನೇಕರು ಹೇಳುವುದುಂಟು. ಆದರೆ ಆ ಯಾನದ ದಿನಚರಿಯ ಪ್ರಕಾರ, ಕಲ್ಲಿಕೋಟೆಯಿಂದ ಹಿಂದಿರುಗಿ ಉತ್ತರಕ್ಕೆ ಹೋಗುವಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದಡಕ್ಕೆ ಸಮೀಪದ ಒಂದು ದ್ವೀಪದಲ್ಲಿ ಪೋರ್ಚುಗೀಸರು ಕಲ್ಲಿನ ಕಂಬವೊಂದನ್ನು ನೆಟ್ಟು ಅದಕ್ಕೆ ಸಾಂತಾ ಮಾರಿಯಾ ಎಂದು ಹೆಸರಿಟ್ಟರು. ಆ ದ್ವೀಪ ಇದೇ ಎಂಬುದು ರೂಢಿಯ ಮಾತು. ಸ್ಥಳೀಯರ ಬಾಯಲ್ಲಿ ಇದು ತೋನ್ಸೆಪಾರ್. ತೋನ್ಸೆ ಎಂಬುದು ಎದುರುಗಡೆಯ ದಡದ ಊರು. ಮಲೆಯಾಳದ ‘ಪಾರ’ ಎಂಬ ಮಾತನ್ನು ದಿನವೂ ಕೇಳುವ ನಮಗೆ ‘ಪಾರ್’ ಎಂದರೆ ಬಂಡೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವುದರಲ್ಲಿ ಇಂಥ ಲಾಭಗಳೂ ಇವೆ. ನನ್ನನ್ನು ಕೇಳಿದರೆ, ಕಂಬ ನೆಟ್ಟವರ ಹೆಸರಿಗಿಂತ ಮೀನುಗಾರರು ಇಟ್ಟ ಹೆಸರೇ ಆ ಜಾಗಕ್ಕೆ ಹೆಚ್ಚು ಒಪ್ಪುತ್ತದೆ.

ವಾಸ್ತವವಾಗಿ ಅಲ್ಲಿರುವುದು ಒಂದೇ ದ್ವೀಪವಲ್ಲ, ಒಂದು ಸಾಲು. ಅವುಗಳಲ್ಲಿ ನಾಲ್ಕು ಮುಖ್ಯವಾದವು. ದಡಕ್ಕೆ ಹತ್ತಿರವಿರುವ ದರಿಯಾ ಬಹದ್ದೂರ್‌ಗಡದಲ್ಲಿ ಕೆಳದಿಯ ಬಸಪ್ಪ ನಾಯಕನ ಕಾಲದ್ದೆನ್ನುವ ಕೋಟೆಯ ಅವಶೇಷಗಳಿವೆ. ನಮ್ಮ ಬೇಕಲದ ಕೋಟೆಯೂ ಕೆಳದಿಯ ಅರಸರದೇ ಅಲ್ಲವೇ? ಒಂದೇ ಮನೆತನ ಈ ಕರಾವಳಿಯನ್ನು ಕಾಯಲು ಎಲ್ಲೆಲ್ಲಿ ಕಲ್ಲು ಕಟ್ಟಿಸಿತ್ತು ಎಂಬುದನ್ನು ಇದರಿಂದ ಊಹಿಸಬಹುದು. ಪ್ರವಾಸಿಗರು ಹೋಗುವುದು ಇನ್ನೊಂದಕ್ಕೆ, ತೆಂಗಿನ ದ್ವೀಪವೆಂದು ಕರೆಯಲ್ಪಡುವುದಕ್ಕೆ. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್, ಅಷ್ಟೇ. ನಮ್ಮ ಆಟದ ಮೈದಾನಗಳನ್ನು ಸಾಲಾಗಿ ಜೋಡಿಸಿದಂತೆ. ಮನೆಗಳಿಲ್ಲ. ರಾತ್ರಿ ತಂಗಲು ಬಿಡುವುದಿಲ್ಲ, ಸಂಜೆಯ ಬೋಟಿಗೆ ಎಲ್ಲರೂ ಮರಳಲೇಬೇಕು.

ಇನ್ನು ಚಳಿಗಾಲವೇ ಏಕೆ? ನಮ್ಮ ಕರಾವಳಿಯ ಚಳಿ ಏನೆಂಬುದು ನಮಗೆ ಗೊತ್ತಿದೆ, ಬೆಳಿಗ್ಗೆ ಒಂದು ಗಳಿಗೆ ಹೊದಿಕೆ ಬಿಡಲು ಮನಸ್ಸಾಗದಷ್ಟು ಮಾತ್ರ. ಆದರೆ ಸಮುದ್ರದ ಮಟ್ಟಿಗೆ ಅದು ದೊಡ್ಡ ಬದಲಾವಣೆಯ ಕಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ ಕಡಲನ್ನು ಕಡೆಯುತ್ತದೆ, ಆಗ ದ್ವೀಪಕ್ಕೆ ಬೋಟುಗಳೇ ಇರುವುದಿಲ್ಲ. ಮಳೆ ನಿಂತು ಗಾಳಿ ದಿಕ್ಕು ಬದಲಿಸಿದ ಮೇಲೆ ಅಲೆ ಇಳಿಯುತ್ತದೆ, ಹೊಳೆಗಳು ತಂದು ಸುರಿದ ಕೆಸರು ತಳಕ್ಕೆ ಕೂತು ನೀರು ತಿಳಿಯಾಗುತ್ತದೆ. ಡಿಸೆಂಬರ್, ಜನವರಿಗಳಲ್ಲಿ ದಿನದೊಳಗೂ ಒಂದು ಕ್ರಮವಿದೆ. ನೆಲ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ನೀರು ಕಾಯುವುದೂ ನಿಧಾನ, ತಣಿಯುವುದೂ ನಿಧಾನ. ರಾತ್ರಿಯಲ್ಲಿ ನೆಲ ಸಮುದ್ರಕ್ಕಿಂತ ತಣ್ಣಗಾದಾಗ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ, ಇದು ಅಲೆಯನ್ನು ದಡಕ್ಕೆ ಏರಗೊಡುವುದಿಲ್ಲ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ, ಅಲೆಗಳ ತಲೆ ಬೆಳ್ಳಗಾಗತೊಡಗುತ್ತವೆ. ಭೂಗೋಳದ ಪುಸ್ತಕದಲ್ಲಿ ಭೂಗಾಳಿ, ಕಡಲಗಾಳಿ ಎಂದು ಬಾಣದ ಗುರುತು ಹಾಕಿ ಬರೆದದ್ದನ್ನು ಇಲ್ಲಿ ಕೆನ್ನೆಯಿಂದಲೇ ತಿಳಿಯಬಹುದು. ಆದ್ದರಿಂದ ಬೆಳಗಿನ ಮೊದಲ ಬೋಟಿಗೆ ಹೋಗುವುದೇ ಲೇಸು. ಬೋಟಿನಲ್ಲಿ ಕುಳಿತಾಗ ಮಾತು ಕಡಿಮೆ ಮಾಡಿ ನೀರಿನ ಮೇಲೆ ಕಣ್ಣಿಟ್ಟರೆ, ಅದೃಷ್ಟವಿದ್ದರೆ, ಗೂನುಬೆನ್ನಿನ ಡಾಲ್ಫಿನ್‌ಗಳು ಉಸಿರಿಗಾಗಿ ಮೇಲೆ ಬಂದು ಮುಳುಗುವುದು ಕಾಣುತ್ತದೆ. ಇವು ಆಳ ಕಡಲಿನವಲ್ಲ, ದಡದ ಬಳಿಯೇ ಬಾಳುವಂಥವು.

ದ್ವೀಪದಲ್ಲಿ ಇಳಿದವರು ತೆಂಗಿನ ಮರಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತ ಹೋದರೆ ಕೆಲವೇ ನಿಮಿಷಗಳಲ್ಲಿ ಕಲ್ಲುಗಳ ಮುಂದೆ ನಿಲ್ಲುತ್ತಾರೆ. ಇಲ್ಲಿಯ ನಿಜವಾದ ಸೋಜಿಗ ಇದೇ. ಯಾರೋ ಶಿಲ್ಪಿ ಉಳಿ ಹಿಡಿದು ಕಡೆದು, ಒಂದಕ್ಕೊಂದು ಒತ್ತಿ ನಿಲ್ಲಿಸಿದಂತೆ ನೂರಾರು ಕಲ್ಲುಕಂಬಗಳು! ಕೆಲವು ಮಂಡಿಯೆತ್ತರ, ಕೆಲವು ಮನೆಯ ಮಾಡಿನ ಎತ್ತರ. ಮೇಲ್ತುದಿಯನ್ನು ನೋಡಿದರೆ ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಗಳು. ಎಲ್ಲವೂ ಆರಲ್ಲ; ಐದು, ಏಳು ಮೂಲೆಯವೂ ಇವೆ. ಪ್ರತಿಯೊಬ್ಬರೂ ಇಪ್ಪತ್ತು ಕಂಬಗಳ ಮೂಲೆಗಳನ್ನು ಎಣಿಸಿ ಬರೆದುಕೊಳ್ಳಬೇಕೆಂದು ನನ್ನ ಅಪೇಕ್ಷೆ. ಗಣಿತದ ಮಾಷ್ಟ್ರು ಅದಕ್ಕೆ ಸರಾಸರಿ ತೆಗೆಸುತ್ತಾರೆ.

ನಮ್ಮ ಊರಿನ ಕಲ್ಲು ಮುರಕಲ್ಲು. ಮಲೆಯಾಳದಲ್ಲಿ ಚೆಂಗಲ್ಲು, ವೆಟ್ಟುಕಲ್ಲು ಎನ್ನುವ ಅದೇ. ಮಳೆ, ಬಿಸಿಲುಗಳು ಬಂಡೆಯನ್ನು ಲಕ್ಷಾಂತರ ವರ್ಷ ಕೊಳೆಯಿಸಿ, ಕರಗುವುದನ್ನೆಲ್ಲ ತೊಳೆದು, ಕಬ್ಬಿಣದ ಅಂಶವನ್ನು ಉಳಿಸಿದಾಗ ಆದದ್ದು ಅದು. ಕೊಡಲಿಯಿಂದ ಕಡಿದು ಇಟ್ಟಿಗೆಯಂತೆ ಜೋಡಿಸಬಹುದು. ಈ ಸೀಮೆಯಲ್ಲಿ 1800-01ರಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ದ್ವೀಪದ ಕಲ್ಲು ಇದಕ್ಕೆ ತೀರ ಬೇರೆ ಜಾತಿ. ಅದು ಬೆಂಕಿಯ ಮಗು. ನೆಲದ ಒಳಗಿನಿಂದ ಉಕ್ಕಿ ಬಂದ ಕರಗಿದ ಬಂಡೆ, ಎಂದರೆ ಲಾವಾರಸ, ಹರಿದು ನಿಂತು ಗಟ್ಟಿಯಾದದ್ದು. ಹಲವು ಬರಹಗಳಲ್ಲಿ ಇದನ್ನು ಬಸಾಲ್ಟ್ ಎಂದೇ ಕರೆದಿದ್ದಾರೆ. ಪರೀಕ್ಷಿಸಿ ನೋಡಿದವರು ಇದರಲ್ಲಿ ಸಿಲಿಕಾ ಹೆಚ್ಚು ಎಂದು ಕಂಡು, ರಯೋಲೈಟ್ ಮತ್ತು ಡೇಸೈಟ್ ಎಂಬ ಶಿಲೆಗಳ ಗುಂಪಿಗೆ ಸೇರಿಸಿದ್ದಾರೆ.

ಕಂಬವಾದದ್ದು ಹೇಗೆ? ಬೇಸಗೆಯಲ್ಲಿ ನೀರು ಆರಿದ ಗದ್ದೆಯನ್ನು ನೆನಪಿಸಿಕೊಳ್ಳಿ. ಕೆಸರು ಒಣಗಿದಂತೆ ಸಂಕೋಚಗೊಳ್ಳುತ್ತದೆ, ಆದರೆ ಅಡಿಯ ನೆಲ ಅದನ್ನು ಹಿಡಿದಿರುವುದರಿಂದ ಬದಿಗೆ ಸರಿಯಲಾರದು. ಬೇರೆ ದಾರಿ ಕಾಣದೆ ಬಿರಿಯುತ್ತದೆ. ಲಾವಾ ತಣಿಯುವಾಗಲೂ ಹಾಗೆಯೇ. ಒಂದು ಬಿಂದುವಿನಿಂದ ಮೂರು ಬಿರುಕುಗಳು ಸಮಸಮವಾಗಿ, 120 ಡಿಗ್ರಿಯ ಕೋನದಲ್ಲಿ ಒಡೆದರೆ ಎಳೆತವು ಅತ್ಯಂತ ಕಡಿಮೆ ಖರ್ಚಿನಲ್ಲಿ ಇಳಿದುಹೋಗುತ್ತದೆ. ಅಂಥ ಬಿಂದುಗಳು ಪಕ್ಕಪಕ್ಕದಲ್ಲಿ ಸೇರಿದಾಗ ಆರು ಮೂಲೆಯ ಚಿತ್ರ ತಾನಾಗಿ ಮೂಡುತ್ತದೆ. ಗದ್ದೆಯ ಬಿರುಕು ಗೇಣುದ್ದ ಇಳಿದು ನಿಲ್ಲುತ್ತದೆ. ಲಾವಾದಲ್ಲಾದರೋ ತಂಪು ಒಳಕ್ಕೆ ಇಳಿದಂತೆ ಬಿರುಕೂ ಹಂತಹಂತವಾಗಿ ಹಿಂಬಾಲಿಸುತ್ತದೆ, ಚಿತ್ರವು ಕಂಬವಾಗುತ್ತದೆ. ಕಂಬದ ಮೈಮೇಲೆ ಅಡ್ಡಡ್ಡ ಗೆರೆಗಳು ಕಂಡರೆ, ಒಂದೊಂದು ಸಲ ಬಿರುಕು ಎಷ್ಟು ಮುಂದೆ ಸಾಗಿತ್ತೆಂಬುದರ ಗುರುತು ಅದು. ನಿಧಾನವಾಗಿ ತಣಿದಲ್ಲಿ ಕಂಬ ದಪ್ಪ, ಬೇಗ ತಣಿದಲ್ಲಿ ಸಪುರ. ಮನೆಯಲ್ಲೇ ಪರೀಕ್ಷಿಸಬೇಕೆಂದಿದ್ದರೆ ಕಾರ್ನ್‌ಫ್ಲೋರ್ ಹಿಟ್ಟನ್ನು ಅಷ್ಟೇ ನೀರಿನಲ್ಲಿ ಕಲಸಿ, ಒಂದು ಲೋಟದಲ್ಲಿಟ್ಟು, ಬಲ್ಬಿನ ಕೆಳಗೆ ಕೆಲವು ದಿನ ಒಣಗಿಸಿ ಮುರಿದು ನೋಡಿ. ಒಳಗೆ ಬೆರಳಿಗಿಂತ ಸಪುರವಾದ ಕಂಬಗಳು ಎದ್ದಿರುತ್ತವೆ. ಅಮ್ಮನನ್ನು ಕೇಳದೆ ಡಬ್ಬಿಗೆ ಕೈಹಾಕಬೇಡಿ!

ಇಂಥ ಕಂಬಗಳು ಲೋಕದಲ್ಲಿ ಬೇರೆ ಕಡೆಯೂ ಇವೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಪ್ರಸಿದ್ಧವಾದುದು, ಮುಂಬಯಿಯ ಅಂಧೇರಿಯಲ್ಲಿ ಗಿಲ್ಬರ್ಟ್ ಹಿಲ್ ಇದೆ. ಆದರೆ ಮಲ್ಪೆಯ ಕಂಬಗಳಿಗೆ ಒಂದು ವಿಶೇಷ ಕತೆಯಿದೆ. ದಖ್ಖನಿನ ಕಪ್ಪು ಬಂಡೆಗಳ ವಯಸ್ಸು ಸುಮಾರು 6.6 ಕೋಟಿ ವರ್ಷ. ಇವು ಅದಕ್ಕೂ ಹಿರಿಯವು. ಬೇರೆಬೇರೆ ವಿಧಾನಗಳಿಂದ ಲೆಕ್ಕ ಹಾಕಿದವರ ಉತ್ತರಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಅವು 9 ಕೋಟಿ ವರ್ಷದ ಆಸುಪಾಸಿನಲ್ಲೇ ನಿಲ್ಲುತ್ತವೆ. ಆಗ ಭಾರತ ಇಲ್ಲಿರಲಿಲ್ಲ. ಭೂಮಧ್ಯರೇಖೆಯ ಬಹಳ ದಕ್ಷಿಣಕ್ಕೆ, ಮಡಗಾಸ್ಕರಿಗೆ ಅಂಟಿಕೊಂಡು ಇತ್ತು. ಎರಡೂ ಬಿರಿದು ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾವೇ ಇದು. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ಇಂದು ಎರಡಕ್ಕೂ ನಡುವೆ 4,000 ಕಿಲೋಮೀಟರಿಗೆ ಸಮೀಪದ ಕಡಲು. ಅಣ್ಣತಮ್ಮಂದಿರು ಪಾಲಾದ ಮೇಲೆ ಮನೆಯ ನಡುಗೋಡೆಯ ಅರ್ಧ ಇವನಲ್ಲಿ, ಅರ್ಧ ಅವನಲ್ಲಿ ಉಳಿದಂತೆ ಎನ್ನೋಣ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವುದು ಸುಮ್ಮನೆ ಅಲ್ಲ. ಮೇಲೆ ಹೇಳಿದ ಅಂಗಾಡಿಪುರಂನ ಮುರಕಲ್ಲಿಗೂ ಅದೇ ಗೌರವ ಸಂದಿದೆ. ಇಷ್ಟಿದ್ದೂ ಆ ಕಂಬಗಳ ಮೇಲೆ ತಮ್ಮ ಹೆಸರು ಕೆತ್ತುವ ಮಹಾನುಭಾವರಿದ್ದಾರೆ. ಒಂಬತ್ತು ಕೋಟಿ ವರ್ಷ ಹೆಸರಿಲ್ಲದೆ ನಿಂತ ಕಲ್ಲಿಗೆ ಇವರ ಹೆಸರಿನಿಂದ ಏನಾಗಬೇಕೋ ತಿಳಿಯದು.

ಕಲ್ಲಿನ ಗಡಿಯಾರ ಹೀಗಾದರೆ ನೀರಿನ ಗಡಿಯಾರ ಬೇರೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಆರು ಗಂಟೆಗೆ ತುಸು ಹೆಚ್ಚು. ಚಂದ್ರನು ದಿನದಿನಕ್ಕೆ ಮುಂದೆ ಸರಿಯುವುದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿಕೊಂಡು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಎರಡೂ ಕಡಿಮೆ. ಮನೆಯ ಗೋಡೆಯಲ್ಲಿ ತೂಗುವ ಪಂಚಾಂಗವನ್ನು ಮದುವೆಯ ಮುಹೂರ್ತಕ್ಕೆ ಮಾತ್ರ ನೋಡುವ ನಾವು, ಮೀನುಗಾರರು ಅದರಿಂದ ಏನನ್ನು ಓದುತ್ತಾರೆಂದು ಒಮ್ಮೆ ಕೇಳಿ ತಿಳಿಯಬೇಕು.

ಇಳಿತದ ಹೊತ್ತಿನಲ್ಲಿ ಬಂಡೆಯ ಬದಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಅಲೆಯ ಸಿಂಪಣಿ ಮಾತ್ರ ತಲಪುವಲ್ಲಿ ಕಾಳುಮೆಣಸಿನಷ್ಟು ದೊಡ್ಡ ಬಸವನಹುಳುಗಳು ಬಿರುಕಿನಲ್ಲಿ ಗುಂಪುಗೂಡಿವೆ. ಅದರ ಕೆಳಗೆ ಕಾಲಿಗೆ ತರಚುವ ಚಿಕ್ಕಚಿಕ್ಕ ಬಿಳಿ ಗೋಪುರಗಳು, ಇವೇ ಬಾರ್ನಕಲ್‌ಗಳು. ಕಲ್ಲಿನಂತೆ ಕಂಡರೂ ಏಡಿ, ಸೀಗಡಿಗಳ ಬಳಗದ ಜೀವಿಗಳು. ನೀರು ಬಂದಾಗ ಬಾಗಿಲು ತೆರೆದು ಕಾಲಿನಿಂದ ಆಹಾರವನ್ನು ಬಾಚಿಕೊಳ್ಳುತ್ತವೆ, ನೀರು ಇಳಿದಾಗ ಮುಚ್ಚಿಕೊಂಡು ಒಳಗಿನ ತೇವವನ್ನು ಉಳಿಸಿಕೊಳ್ಳುತ್ತವೆ. ಮುಟ್ಟಾಳೆಯಂಥ ಚಿಪ್ಪು ಕವಿದುಕೊಂಡ ಲಿಂಪೆಟ್ ಬಂಡೆಗೆ ಎಷ್ಟು ಬಿಗಿಯಾಗಿ ಅಂಟಿರುತ್ತದೆಂದರೆ ಕೈಯಿಂದ ಕೀಳಲಾಗದು, ಕೀಳಲೂಬಾರದು. ಇನ್ನೂ ಕೆಳಗೆ ಸಿಂಪಿಗಳು, ಪಾಚಿ, ನೀರು ನಿಂತ ಗುಂಡಿಗಳಲ್ಲಿ ಹೂವಿನಂತೆ ಅರಳಿ ಬೆರಳಿನ ನೆರಳಿಗೇ ಮುದುಡುವ ಕಡಲಹೂ. ಅದು ಹೂವಲ್ಲ, ಪ್ರಾಣಿ. ಎಸಳುಗಳೆಂದು ಕಾಣುವುದು ಬೇಟೆಯನ್ನು ಕುಟುಕುವ ಕೈಗಳು. ಒಣಗಿ ಸಾಯದೆ ಎಷ್ಟು ಗಂಟೆ ತಡೆಯಬಲ್ಲೆ ಎಂಬುದರ ಮೇಲೆ ಒಂದೊಂದು ಜೀವಿಗೂ ಒಂದೊಂದು ಮಟ್ಟ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಸೇರಿ ಒಂದಾಳು ಎತ್ತರ ಇರಲಾರದು, ಅಷ್ಟರಲ್ಲೇ ನಾಲ್ಕೈದು ಊರುಗಳು.

ಈ ದ್ವೀಪದಲ್ಲಿ ನಮ್ಮ ಕಡಲತೀರಗಳಂತೆ ಉದ್ದಕ್ಕೂ ಹಾಸಿದ ಮರಳಿಲ್ಲ. ಇರುವಲ್ಲಿಯೂ ಬಹುಪಾಲು ಚಿಪ್ಪುಗಳು, ಚಿಪ್ಪಿನ ಚೂರುಗಳು. ಜೇಬು ತುಂಬಿಕೊಳ್ಳಬೇಕೆಂದು ಯಾರಿಗಾದರೂ ಆಸೆಯಾದೀತು. ಆದರೆ ಖಾಲಿ ಶಂಖು ಎಂದು ಎತ್ತಿಕೊಂಡದ್ದು ನಡೆಯತೊಡಗಿದರೆ ಗಾಬರಿಯಾಗಬೇಡಿ, ಅದು ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ, ಸ್ವಂತ ಕವಚವಿಲ್ಲ; ಸತ್ತ ಶಂಖುಹುಳುವಿನ ಮನೆಯಲ್ಲಿ ಬಿಡಾರ. ಬೆಳೆದಂತೆ ದೊಡ್ಡ ಮನೆ ಹುಡುಕಬೇಕು. ದ್ವೀಪಕ್ಕೆ ಬಂದವರೆಲ್ಲ ಒಂದೊಂದು ಹಿಡಿ ಚಿಪ್ಪು ಒಯ್ದರೆ ಅದಕ್ಕೆ ಬಾಡಿಗೆಮನೆಯೂ ಸಿಗದು. ನೋಡಿ, ಚಿತ್ರ ಬರೆದುಕೊಳ್ಳಿ, ಅಲ್ಲೇ ಬಿಡಿ.

ಈಗ ಹೆತ್ತವರ ಪ್ರಶ್ನೆಗೆ ಬರುತ್ತೇನೆ. ದಡಕ್ಕೆ ಮುಖಮಾಡಿದ ಬದಿ ಶಾಂತ, ಪಡುವಣ ಬದಿ ತೆರೆದ ಕಡಲಿಗೆ ಎದೆಗೊಟ್ಟದ್ದು. ಅಪಾಯವೆಲ್ಲ ಅಲ್ಲಿಯೇ. ಕಂಬಗಳ ಸಂದಿನಲ್ಲಿ ನೀರು ನುಗ್ಗಿ ಅಷ್ಟೇ ರಭಸದಿಂದ ಹಿಂದಕ್ಕೆ ಎಳೆಯುತ್ತದೆ. ಪಾಚಿ ಹಿಡಿದ ಕಲ್ಲು ಎಣ್ಣೆ ಸವರಿದ ಹಾಗೆ. ಬಂಡೆಯ ಅಂಚು ದಾಟಿದರೆ ನೀರಿನ ಆಳ ಒಮ್ಮೆಲೇ ಹೆಚ್ಚಬಹುದು, ಈಜು ಬಂದವನಿಗೂ ಅಲ್ಲಿ ಹಿಡಿಯಲು ಆಧಾರವಿಲ್ಲ, ಅಲೆ ಅವನನ್ನು ಕಲ್ಲಿಗೇ ಅಪ್ಪಳಿಸುತ್ತದೆ. ಇನ್ನೊಂದು ವಿಷಯವನ್ನು ಮಕ್ಕಳು ಚೆನ್ನಾಗಿ ತಿಳಿಯಬೇಕು. ಅಲೆಗಳೆಲ್ಲ ಒಂದೇ ಗಾತ್ರದವಲ್ಲ. ಬೇರೆಬೇರೆ ಕಡೆಯಿಂದ ಬೇರೆಬೇರೆ ಅಂತರದಲ್ಲಿ ಹೊರಟ ಅಲೆಗಳು ಒಂದರ ಮೇಲೊಂದು ಕೂಡಿದಾಗ, ಹತ್ತಿಪ್ಪತ್ತು ಸಣ್ಣವುಗಳ ಬಳಿಕ ಒಂದು ದೊಡ್ಡದು ಬಂದೇ ಬರುತ್ತದೆ. ಐದು ನಿಮಿಷ ನಿಂತು ನೋಡಿ "ಇಲ್ಲಿಗೆ ನೀರು ಬರುವುದಿಲ್ಲ" ಎಂದು ತೀರ್ಮಾನಿಸಿ, ಕಡಲಿಗೆ ಬೆನ್ನು ಹಾಕಿ ಮೊಬೈಲಿನಲ್ಲಿ ಚಿತ್ರ ತೆಗೆಯುವವನನ್ನು ಆ ದೊಡ್ಡ ಅಲೆ ಹಿಂದಿನಿಂದ ಬಂದು ಹಿಡಿಯುತ್ತದೆ. ಒದ್ದೆಯಾದ ಕಲ್ಲೆಂದರೆ ಅಲೆ ಅಲ್ಲಿಗೆ ಬಂದುಹೋಗಿದೆ ಎಂದರ್ಥ. ಆದ್ದರಿಂದ ಪಡುವಣ ಬದಿಯಲ್ಲಿ ನಮ್ಮ ಮಕ್ಕಳು ಒಣಗಿದ ಕಲ್ಲನ್ನು ಬಿಟ್ಟು ಕೆಳಗೆ ಇಳಿಯುವುದಿಲ್ಲ. ಬಂಡೆಯ ಜೀವಿಗಳನ್ನು ನೋಡುವುದು ಶಾಂತವಾದ ಬದಿಯಲ್ಲಿ, ನೀರು ಇಳಿಯುತ್ತಿರುವ ಹೊತ್ತಿನಲ್ಲಿ, ಒಬ್ಬ ಅಧ್ಯಾಪಕರ ಕೈಕೆಳಗೆ ಹತ್ತು ಮಕ್ಕಳಂತೆ. ಇಬ್ಬಿಬ್ಬರು ಜೊತೆಗಾರರು. ಈ ಪ್ರವಾಸದಲ್ಲಿ ಸ್ನಾನವಿಲ್ಲ. ಇದನ್ನು ಓದಿ ಕೆಲವರ ಮುಖ ಸಣ್ಣಗಾದೀತು, ಆಗಲಿ. ದ್ವೀಪದಲ್ಲಿ ಕಾವಲಿನವರು ಸೀಟಿ ಊದಿದರೆ ಅದು ನಮ್ಮ ಶಾಲೆಯ ಗಂಟೆಯೆಂದೇ ತಿಳಿಯಬೇಕು. ಪ್ಲಾಸ್ಟಿಕ್ ಚೀಲ ತರಬಾರದು. ನೀರಿಗೆ ಸ್ಟೀಲ್ ಬಾಟ್ಲಿ, ಕಾಲಿಗೆ ಹಿಡಿತವಿರುವ ಚಪ್ಪಲಿ, ತಲೆಗೆ ಟೊಪ್ಪಿ, ಒಂದು ನೋಟುಪುಸ್ತಕ, ಪೆನ್ಸಿಲ್. ಶಾಯಿಯ ಪೆನ್ನು ಬೇಡ, ಉಪ್ಪುನೀರು ತಾಗಿದರೆ ಬರೆದದ್ದೆಲ್ಲ ಹರಡಿಹೋಗುತ್ತದೆ.

ಮಧ್ಯಾಹ್ನದ ಗಾಳಿ ಏಳುವ ಮುಂಚೆ ಮಲ್ಪೆಗೆ ಮರಳಿದರೆ ಬಂದರಿನಲ್ಲಿ ಇನ್ನೊಂದು ಗಂಟೆ ಸಿಗುತ್ತದೆ. ಅದನ್ನು ಐಸ್ಕ್ರೀಮಿಗೆ ಪೂರ್ತಿ ಕೊಡಬೇಡಿ. ಮೀನು ಇಳಿಸುವಲ್ಲಿ ನಮ್ಮ ಗರುಡ, ಕಾಗೆಗಳ ಜೊತೆಗೆ ಬಿಳಿ, ಬೂದು ಬಣ್ಣದ ಕಡಲಹಕ್ಕಿಗಳು ಹಿಂಡುಹಿಂಡಾಗಿ ಹಾರುತ್ತ, ಕೂಗುತ್ತ, ಎಸೆದ ಮೀನಿಗೆ ಜಗಳಾಡುತ್ತಿರುತ್ತವೆ. ಇವು ಚಳಿಗಾಲದ ಅತಿಥಿಗಳು. ಕಂದುತಲೆಯ ಕಡಲಹಕ್ಕಿ ಬರುವುದು ಟಿಬೆಟು, ಲಡಾಖುಗಳ ಎತ್ತರದ ಸರೋವರಗಳಿಂದ. ಅಲ್ಲಿ ನೀರು ಹೆಪ್ಪುಗಟ್ಟಿದ ಮೇಲೆ ಅದಕ್ಕೆ ಉಣ್ಣಲು ಏನೂ ಇಲ್ಲ, ಹಿಮಾಲಯವನ್ನು ದಾಟಿ ನಮ್ಮ ಮೀನಿನ ಬಂದರಿಗೆ ಇಳಿಯುತ್ತದೆ. ಅದಕ್ಕಿಂತ ಬಹಳ ದೊಡ್ಡದಾದ, ಹಳದಿ ಕೊಕ್ಕಿನ ಇನ್ನೊಂದು ಜಾತಿ ಮಧ್ಯ ಏಷ್ಯದ ಕೆರೆಗಳದು. ದ್ವೀಪದ ಬಂಡೆಗಳ ಮೇಲೆ ಕುಕ್ಕುತ್ತ ಓಡುವ ಪುಟ್ಟ ಹಕ್ಕಿಗಳಲ್ಲೂ ಹಲವು ಹೀಗೆಯೇ ಉತ್ತರದಿಂದ ಬಂದವು. ಅಲ್ಲಿಯೇ ಬಾಗಿದ ಉದ್ದ ಕೊಕ್ಕಿನ ಗೊರವ ಕಂಡರೆ ಟೊಪ್ಪಿ ತೆಗೆದು ನಮಸ್ಕರಿಸಿ. ಧ್ರುವಪ್ರದೇಶದ ಅಂಚಿನ ಜವುಗಿನಲ್ಲಿ ಮೊಟ್ಟೆಯಿಟ್ಟು ಮರಿಮಾಡುವ ಹಕ್ಕಿ ಅದು.

ಕಂದುತಲೆಯ ಹಕ್ಕಿಯನ್ನು ಹುಡುಕಿದವರಿಗೆ ಜನವರಿಯಲ್ಲಿ ಒಂದು ತೊಡಕು ಎದುರಾಗುತ್ತದೆ. ಒಂದರ ತಲೆಯೂ ಕಂದಾಗಿರುವುದಿಲ್ಲ! ಬಿಳಿ ತಲೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಮಾರ್ಚ್ ಬರುತ್ತಿದ್ದಂತೆ ಪುಕ್ಕ ಬದಲಾಗಿ, ಮದುವೆಗೆ ಪೇಟ ಸುತ್ತಿದ ಹಾಗೆ, ತಲೆಯೆಲ್ಲ ಕಂದಾಗುತ್ತದೆ. ಆಮೇಲೆ ಹಿಂಡುಗಳು ಉತ್ತರಕ್ಕೆ ಹೊರಡುತ್ತವೆ. ಇದನ್ನು ನೋಡಲು ಮಲ್ಪೆಗೇ ಹೋಗಬೇಕಾಗಿಲ್ಲ. ಮಂಜೇಶ್ವರದಲ್ಲೂ ಕಾಸರಗೋಡಿನಲ್ಲೂ ಮೀನು ಇಳಿಯುವ ದಡಗಳಿವೆ. ಬೀಚಿನ ಬದಿಯಲ್ಲಿ ಮನೆಯಿರುವ ಮಕ್ಕಳು ಫೆಬ್ರವರಿಯಿಂದ ವಾರಕ್ಕೊಮ್ಮೆ ಎಣಿಸಿ, ಎಷ್ಟು ತಲೆ ಬಿಳಿ, ಎಷ್ಟು ಕಂದು ಎಂದು ತಾರೀಕಿನೊಂದಿಗೆ ಬರೆದು ತಂದರೆ ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನಲ್ಲೇ ಅಚ್ಚುಹಾಕೋಣ.